ರೋಮನ್ ಮಣ್ಣಿನ ದೀಪಗಳ ತಳದಲ್ಲಿ ಊರೂರಲ್ಲೂ ಒಂದೇ ಹೆಸರು ಯಾಕೆ?

ಸವಿ_ರೀಡಿಂಗ್

ನಮಸ್ಕಾರ ಎಲ್ರಿಗೂ. ಅತ್ತೆ ಮಾವ ಊರಿಂದ ಬಂದಿದ್ರು ಅಂತ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ತೋರ್ಸೋಕೆ ಹೋಗಿದ್ವಿ. ಮಾವ ಮಮ್ಮಿಗಳ ಕಡೆ ಹೋದ್ರು, ಅತ್ತೆ ರೋಮನ್ ಸಾಮಾನುಗಳ ಹತ್ರ ಮಣ್ಣಿನ ದೀಪಗಳನ್ನ ನೋಡಿ ಅಲ್ಲೇ ನಿಂತ್ಬಿಟ್ರು. ನಮ್ಮ ಹಣತೆ ಥರ ಬಾಯಿ ತೆರ್ಕೊಂಡಿಲ್ಲ ಅದು, ಮೇಲೆ ಪೂರ್ತಿ ಮುಚ್ಚಿದೆ, ನಡುವೆ ಒಂದು ತೂತು, ಮೂತಿ ಹತ್ರ ಇನ್ನೊಂದು ತೂತು, ಕೆಲವಕ್ಕೆ ಮಧ್ಯದಲ್ಲಿ ಸೂಜಿ ತೂರೋ ಅಷ್ಟು ಸಣ್ಣದು ಮೂರನೇದೂ ಇದೆ. "ಇದನ್ನ ತೊಳೆಯೋದು ಹೆಂಗೆ" ಅಂತ ಅತ್ತೆ ಕೇಳಿದ್ರು, ನನಗೆ ಗೊತ್ತಿಲ್ಲ ಅಂದೆ.

ಮನೆಗೆ ಬಂದು ಮ್ಯೂಸಿಯಂ ವೆಬ್‌ಸೈಟಲ್ಲಿ ಹುಡುಕಿದೆ. ಅಲ್ಲಿ ತಳದ ಫೋಟೋನೂ ಹಾಕಿರ್ತಾರೆ, ಶೋಕೇಸಲ್ಲಿ ಅದು ಕಾಣಲ್ಲ ನೋಡಿ. ತಳದಲ್ಲಿ ಉಬ್ಬು ಅಕ್ಷರದಲ್ಲಿ ಫೋರ್ಟಿಸ್ ಅಂತ ಒಂದು ದೀಪದ ಮೇಲೆ ಇತ್ತು, ಸರಿ. ಆಮೇಲೆ ಇನ್ನೊಂದರ ಮೇಲೂ ಅದೇ, ಮತ್ತೊಂದರ ಮೇಲೂ ಅದೇ. ಗೂಗಲ್ ಮಾಡಿದ್ರೆ ಇಟಲಿ, ಜರ್ಮನಿ, ಆಸ್ಟ್ರಿಯಾ, ಹಂಗೇರಿ, ಇಂಗ್ಲೆಂಡು, ಎಲ್ಲಾ ಕಡೆ ನೆಲ ಅಗೆದಾಗ ಇದೇ ಹೆಸರಿನ ದೀಪ ಸಿಕ್ಕಿದಾವಂತೆ. ಕೆಲವದ್ರಲ್ಲಿ ಅಕ್ಷರ ಚೂಪಾಗಿ ಎದ್ದು ಕಾಣತ್ತೆ, ಕೆಲವದ್ರಲ್ಲಿ ಸೋಪಿನ ಮೇಲಿನ ಹೆಸರು ಸವೆದ ಹಾಗೆ ಮಬ್ಬು.

ನನ್ನ ಡೌಟು: ಎರಡು ಸಾವಿರ ವರ್ಷದ ಹಿಂದೆ ಇದು ಒಂದೇ ಕಂಪನಿನಾ? ಅಷ್ಟು ದೂರ ಮಣ್ಣಿನ ದೀಪ ಸಾಗಿಸ್ತಿದ್ರಾ, ಇಲ್ಲ ಅಲ್ಲಲ್ಲೇ ಬ್ರಾಂಚ್ ಇತ್ತಾ, ಇಲ್ಲ ಡೂಪ್ಲಿಕೇಟಾ? ಗೊತ್ತಿರೋರು ಸ್ವಲ್ಪ ವಿವರವಾಗಿ ಹೇಳಿ, ಚಿಕ್ಕ ಉತ್ತರ ಬೇಡ.

---

ಬಿಟಿಎಂ_ಬಾಂಧವ

ಫೋರ್ಟಿಸ್ ಅಂತ ಓದಿದ ತಕ್ಷಣ ನನಗೆ ಆ ಹೆಸರಿನ ಆಸ್ಪತ್ರೆ ಇರೋ ಬನ್ನೇರುಘಟ್ಟ ರೋಡ್ ಟ್ರಾಫಿಕ್ಕೇ ಕಣ್ಮುಂದೆ ಬಂತು 😀 ಸೀರಿಯಸ್ ಉತ್ತರಕ್ಕೆ ನಾನೂ ಕಾಯ್ತಿದೀನಿ.

---

ಧಾರವಾಡ_ಪುರಾತತ್ವ

ಸವಿ ಅವರ, ಛಲೋ ಪ್ರಶ್ನೆ ಕೇಳೀರಿ. ನಾ ಎಂ.ಎ. ಮಾಡುವಾಗ ರೋಮನ್ ವ್ಯಾಪಾರದ ಮ್ಯಾಲೆ ಓದಿದ್ದೆ, ನೆನಪಿದ್ದಷ್ಟು ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ.

ಮೊದಲಿಗೆ ಆಕಾರ. ಭೂಮಧ್ಯ ಸಮುದ್ರದ ಪೂರ್ವ ದಂಡಿ ಮ್ಯಾಲೆ, ಅಂದ್ರ ಈಗಿನ ಇಸ್ರೇಲ್, ಸಿರಿಯಾ ಕಡೆ, ಕಂಚಿನ ಯುಗದಾಗ ಇದ್ದದ್ದೂ ನಮ್ಮ ಹಣತೆನ. ಬಟ್ಟಲು ಮಾಡಿ ಹಸಿ ಇದ್ದಾಗ ಅಂಚು ಒಂದ್ಕಡೆ ಚಿವುಟಿದ್ರ ಮುಗೀತು. ನಾಕೂ ಕಡೆ ಚಿವುಟಿ ನಾಕು ಬತ್ತಿ ಇಟ್ಟದ್ದೂ ಅದಾವ. ಆಮ್ಯಾಲೆ ಗ್ರೀಕರು ಚಕ್ರದ ಮ್ಯಾಲೆ ಮಾಡುವಾಗ ಅಂಚನ್ನ ಒಳಗ ಬಗ್ಗಿಸಿ, ಬತ್ತಿ ಇಡೋ ಜಾಗಕ್ಕ ಒಂದು ಮೂತಿ ಅಂಟಿಸಿದ್ರು. ಬರಬರ್ತ ಬಾಯಿ ಸಣ್ಣದಾತು. ಕ್ರಿ.ಪೂ. 3ನೇ ಶತಮಾನದ ಹೊತ್ತಿಗೆ ಚಕ್ರ ಬಿಟ್ಟು ಅಚ್ಚಿನಾಗ ಒತ್ತೋದು ಸುರು ಆತು, ಅಲ್ಲಿಂದ ಕಥಿನ ಬ್ಯಾರೆ. ಅಚ್ಚು ಬಂದಮ್ಯಾಲೆ ಮ್ಯಾಲಿನ ಭಾಗದಾಗ ಚಿತ್ರ ಹಾಕಬಹುದು: ಗ್ಲಾಡಿಯೇಟರ್ ಜಗಳ, ರಥದ ಓಟ, ದೇವರು, ನಾಯಿ, ಮೊಲ, ಮಂದಿ ಮುಂದ ಹೇಳಬಾರದಂಥಾವೂ ಬೇಕಾದಷ್ಟು. ಹೊಸ ವರ್ಷಕ್ಕ ಕೊಡೋ ದೀಪ ಅಂತ ಬ್ಯಾರೆ ಇದ್ವು, ರೆಕ್ಕಿ ಇರೋ ವಿಜಯದೇವತಿ ಕೈಯಾಗ ಒಂದು ಗುರಾಣಿ, ಅದರಾಗ ಹೊಸ ವರ್ಷ ನನಗ ಶುಭ ಆಗಲಿ ಅಂತ ಲ್ಯಾಟಿನ್ ಬರಹ, ಸುತ್ತ ನಾಣ್ಯ, ಖರ್ಜೂರ, ಅಂಜೂರದ ಚಿತ್ರ.

ಇನ್ನ ನಿಮ್ಮ ಫೋರ್ಟಿಸ್. ಅದು ಮನುಷ್ಯನ ಹೆಸರು, ಕಾರ್ಖಾನೆ ಮಾಲಕನ್ದು. ಅಂಥಾ ದೀಪಕ್ಕ ಜರ್ಮನ್ ವಿದ್ವಾಂಸರು ಫರ್ಮಾಲಾಂಪೆನ್ ಅಂತ ಕರೀತಾರ, ಕಂಪನಿ ದೀಪ ಅಂದಂಗ. ಇದು ಉತ್ತರ ಇಟಲಿಯಾಗ ಕ್ರಿ.ಶ. 70ರ ಆಸುಪಾಸು ಸುರು ಆದ ಮಾಲು. ಚಿತ್ರ ಗಿತ್ರ ಏನೂ ಇಲ್ಲ, ಬರೇ ದಪ್ಪ ಅಂಚು, ಹೆಗಲ ಮ್ಯಾಲೆ ಎರಡು ಮೂರು ಗುಬಟಿ, ನಡುವಿನ ತಟ್ಟಿಯಿಂದ ಮೂತಿ ತನಕ ಒಂದು ಕಾಲುವಿ. ಗಟ್ಟಿಮುಟ್ಟು, ಸೋವಿ. ಫೋರ್ಟಿಸ್ ಒಬ್ಬನ ಅಲ್ಲ, ಸ್ಟ್ರೊಬಿಲಿ, ಕಮ್ಯೂನಿಸ್, ಹಿಂಗ ಬ್ಯಾರೆ ಬ್ಯಾರೆ ಹೆಸರು ಅದಾವ, ಆದ್ರ ಹೆಚ್ಚು ಸಿಗೋದು ಫೋರ್ಟಿಸ್ಸ.

ಊರು ಯಾವುದು ಅಂದ್ರ ಈಗಿನ ಮೊಡೆನಾ, ಆಗ ಅದರ ಹೆಸರು ಮ್ಯೂಟಿನಾ. ಅಲ್ಲಿ ಕುಂಬಾರರು ಒಡೆದದ್ದು, ಸುಟ್ಟು ಸೊಟ್ಟ ಆದದ್ದು ಎಸೆದ ತಿಪ್ಪಿ ಅಗೆದಾಗ ಫೋರ್ಟಿಸ್ ಸ್ಟ್ರೊಬಿಲಿ ಹೆಸರಿನ ದೀಪನೂ ಸಿಕ್ಕಾವ. ಸೊಟ್ಟ ಆದ ಮಾಲನ್ನ ಯಾರೂ ದೂರದಿಂದ ತರಿಸ್ಕೊಳ್ಳಂಗಿಲ್ಲ, ಅದಕ್ಕ ಇದು ಗಟ್ಟಿ ಸಾಕ್ಷಿ. ಆ ಕಾಲದ ರೋಮನ್ ಲೇಖಕ ಪ್ಲಿನಿ ಸುದ್ದಾ ಇಟಲಿಯ ಒಳ್ಳೆ ಮಣ್ಣಿನ ಪಾತ್ರಿ ಊರುಗಳ ಪಟ್ಟಿಯಾಗ ಮ್ಯೂಟಿನಾ ಹೆಸರು ಹೇಳ್ಯಾನ.

ದೂರ ಸಾಗಿಸ್ತಿದ್ರೇನು ಅಂತ ಕೇಳೀರಿ. ಸಾಗಿಸ್ತಿದ್ರು. ಇಟಲಿಯ ಹಳೇ ಊರು ಪೊಂಪೇಯಾಗ 1881ರಾಗ ಒಂದು ಮನ್ಯಾಗ ಪೆಟ್ಟಿಗಿ ಒಂದು ಸಿಕ್ತು. ಅದರಾಗ ದಕ್ಷಿಣ ಫ್ರಾನ್ಸಿನ ಕೆಂಪು ಬಟ್ಟಲು 90, ಉತ್ತರ ಇಟಲಿಯ ದೀಪ 37. ಅಂಗಡಿಗೆ ಬಂದ ಮಾಲು, ಬಿಚ್ಚಿ ಜೋಡಿಸೋಕೂ ಪುರಸೊತ್ತು ಸಿಕ್ಕಿಲ್ಲ, ಕ್ರಿ.ಶ. 79ರಾಗ ವೆಸೂವಿಯಸ್ ಜ್ವಾಲಾಮುಖಿ ಸಿಡೀತು. ಇಟಲಿಯ ದೀಪ, ಫ್ರಾನ್ಸಿನ ಬಟ್ಟಲು ಒಂದೇ ಪೆಟ್ಟಿಗ್ಯಾಗ ಅಂದ್ರ ಯಾವನೋ ಹೋಲ್‌ಸೇಲ್ ವ್ಯಾಪಾರಿ ನಡುವೆ ಕುಂತು ಎರಡೂ ಕೂಡಿಸಿ ಕಳಿಸ್ಯಾನ ಅಂತ ಅರ್ಥ.

ಆದ್ರ ಡ್ಯಾನ್ಯೂಬ್ ನದಿ ದಂಡಿ ತನಕ, ಎರಡನೇ ಮೂರನೇ ಶತಮಾನದ ತನಕ ಸಿಕ್ಕ ಎಲ್ಲಾ ಫೋರ್ಟಿಸ್ ಮೊಡೆನಾದಿಂದನ ಹೋದವು ಅಂತ ಯಾರೂ ಹೇಳಂಗಿಲ್ಲ. ಅಲ್ಲಿನೂ ಅಚ್ಚುಗಳು ಸಿಕ್ಕಾವ. ಮಣ್ಣಿನ ರಾಸಾಯನಿಕ ಪರೀಕ್ಷಾ ಮಾಡಿದ್ರ ಬಾಳ ದೀಪ ಆಯಾ ಊರಿನ ಮಣ್ಣಿನವ ಅಂತ ಬಂದೈತಿ. ಅಕ್ಷರ ಮಬ್ಬು ಆಗಿದ್ದು ಯಾಕ ಅನ್ನೋದಕ್ಕ ಉತ್ತರ ಇಲ್ಲೇ ಐತಿ, ಅದನ್ನ ಮಣ್ಣಿನ ಕೆಲಸ ಮಾಡಿದವರು ಹೇಳಿದ್ರ ಇನ್ನೂ ಛಲೋ. ಇಲ್ಲಿ ಯಾರಾದ್ರೂ ಅದೀರೇನು?

---

ಮಣ್ಣಿನಮಗ_ಕೋಲಾರ

ಇದೀನಿ ಸರ್. ನಮ್ಮದು ಕುಂಬಾರರ ಮನೆ, ಅಪ್ಪ ಚಕ್ರದಲ್ಲಿ ಮಾಡ್ತಿದ್ರು, ನಾನು ಈಗ ಅಚ್ಚಲ್ಲೇ ಜಾಸ್ತಿ ಮಾಡೋದು, ದೀಪಾವಳಿ ಕಾರ್ತಿಕ ಬಂತು ಅಂದ್ರೆ ಚಕ್ರದಲ್ಲಿ ಪೂರೈಸೋಕೆ ಆಗಲ್ಲ. ಸವಿ ಅಕ್ಕ ಹೇಳಿದ ದೀಪದ ಫೋಟೋಗಳನ್ನ ನಾನೂ ತೆಗೆದು ನೋಡ್ದೆ.

ಕೆಲಸ ನೋಡಿದ್ರೆ ಗೊತ್ತಾಗತ್ತೆ, ಎರಡು ಅಚ್ಚು. ಮೇಲಿನ ಅರ್ಧ ಒಂದು, ಕೆಳಗಿನ ಅರ್ಧ ಒಂದು. ಎರಡರಲ್ಲೂ ಜೇಡಿಮಣ್ಣು ತಟ್ಟಿ ಹೆಬ್ಬೆರಳಲ್ಲಿ ಒತ್ತಬೇಕು, ಅಚ್ಚು ನೀರು ಹೀರ್ಕೊಂಡು ಮಣ್ಣು ಅರ್ಧ ಒಣಗಿದ ಹದಕ್ಕೆ ಬಂದಾಗ ಅಂಚಿಗೆ ಕೆಸರು ಸವರಿ ಎರಡನ್ನೂ ಕೂಡಿಸಬೇಕು, ಬಿಡಿಸಿಕೊಂಡ ಮೇಲೆ ಕೂಡಿದ ಗೆರೆಯನ್ನ ಒದ್ದೆ ಕೈಯಲ್ಲಿ ಸವರಿ ಮುಚ್ಚಬೇಕು, ಆಮೇಲೆ ಎಣ್ಣೆ ತೂತು ಬತ್ತಿ ತೂತು ಚುಚ್ಚಬೇಕು, ಕೆಮ್ಮಣ್ಣಿನ ತಿಳಿಯಲ್ಲಿ ಅದ್ದಿ ಒಣಗಿಸಿ ಸುಡಬೇಕು. ಒಡೆದ ದೀಪದ ಫೋಟೋಲಿ ಒಳಗಡೆ ಬೆರಳು ಒತ್ತಿದ ಗುರುತು ಹಂಗೇ ಇದೆ, ಒಳಗೆ ಯಾರು ನೋಡ್ತಾರೆ ಅಂತ ಬಿಟ್ಟಿರ್ತಾರೆ, ನಾವೂ ಅಷ್ಟೇ.

ಈಗ ಮಬ್ಬು ಅಕ್ಷರದ ವಿಷಯ. ನನಗೆ ನಿಮ್ಮ ಮಾಲು ಕಾಪಿ ಹೊಡೀಬೇಕು ಅಂದ್ರೆ ನಿಮ್ಮ ಅಚ್ಚು ಕದಿಯೋದು ಬೇಕಿಲ್ಲ. ಸಂತೆಯಲ್ಲಿ ನಿಮ್ಮ ದೀಪ ಒಂದು ಕೊಂಡ್ಕೊಂಡು ಬಂದು ಅದರ ಮೇಲೇ ಮಣ್ಣು ಇಲ್ಲಾ ಜಿಪ್ಸಮ್ ಮೆತ್ತಿದ್ರೆ ಅಚ್ಚು ಸಿಕ್ತು. ತಳದಲ್ಲಿರೋ ಹೆಸರು ಸಮೇತ ಬರತ್ತೆ, ಬೇಕಂತಲೇ ಅಳಿಸಿದ್ರೆ ಹೋಗತ್ತೆ ಅಷ್ಟೇ. ಆದ್ರೆ ಮಣ್ಣು ಸುಮ್ನೆ ಇರಲ್ಲ. ಒಣಗುವಾಗ ಸ್ವಲ್ಪ, ಸುಡುವಾಗ ಇನ್ನು ಸ್ವಲ್ಪ ಕುಗ್ಗತ್ತೆ. ನಮ್ಮ ಕೆರೆ ಮಣ್ಣಿನಲ್ಲಿ ಎರಡೂ ಸೇರಿ ನೂರಕ್ಕೆ ಹತ್ತು ಅಂತ ಲೆಕ್ಕ ಹಿಡೀತೀವಿ, ಮಣ್ಣಿನ ಮೇಲೆ ಹೆಚ್ಚುಕಮ್ಮಿ ಆಗತ್ತೆ. ಅಂದ್ರೆ ಅಸಲಿ ದೀಪ 10 ಸೆಂಟಿಮೀಟರ್ ಇದ್ರೆ ಅದರ ಕಾಪಿ 9, ಆ ಕಾಪಿಯಿಂದ ಮಾಡಿದ ಕಾಪಿ 8.1, ಅದರದ್ದು 7.3. ಪ್ರತಿ ಸಲ ಅಕ್ಷರದ ಮೂಲೆಗಳೂ ತುಂಬ್ಕೊಂಡು ಮೊಂಡಾಗತ್ತೆ. ಹಂಗಾಗಿ ಮಬ್ಬಾಗಿರೋದು ಚಿಕ್ಕದಾಗಿರಬೇಕು ಅಂತ ನನ್ನ ಅಂದಾಜು, ಅಕ್ಕ ನೀವು ಅಳತೆ ನೋಡಿ ಹೇಳಿ.

ಇನ್ನೊಂದು ನೋಡಿ, ಜಿಪ್ಸಮ್ ಅಚ್ಚಿನಲ್ಲಿ ಗಾಳಿ ಗುಳ್ಳೆ ಉಳ್ಕೊಂಡ್ರೆ ಆ ಗುಳಿಯೊಳಗೆ ಮಣ್ಣು ಹೋಗಿ ದೀಪದ ಮೇಲೆ ಸಾಸಿವೆ ಕಾಳಿನ ಥರ ಗುಳ್ಳೆ ಏಳತ್ತೆ. ಕೆಲವು ಫೋಟೋಲಿ ಅದು ಕಾಣ್ತು. ನನಗೆ ನಗು ಬಂತು, ನಮ್ಮ ಪಿಒಪಿ ಅಚ್ಚಿನ ಗಣೇಶನ ಬೆನ್ನ ಮೇಲೆ ಇರೋದೂ ಅದೇ.

---

ಸವಿ_ರೀಡಿಂಗ್

ಅಯ್ಯೋ ಎಷ್ಟು ಚೆನ್ನಾಗಿ ಬರೆದ್ರಿ ಇಬ್ರೂ, ಥ್ಯಾಂಕ್ಸ್. ಅಳತೆ ಎಲ್ಲಾ ಎಂಟ್ರಿಲೂ ಕೊಟ್ಟಿದಾರೆ, ನಾನು ಅದನ್ನ ಗಮನಿಸೇ ಇರಲಿಲ್ಲ. ಕೂತ್ಕೊಂಡು ಬರ್ಕೊಳ್ತೀನಿ. ಒಂದರಲ್ಲಿ ಮಾತ್ರ ಅಕ್ಷರ ಉಲ್ಟಾ ಇದೆ, ಕನ್ನಡಿಯಲ್ಲಿ ಓದೋ ಥರ, ಇದು ಫೋಟೋ ತಿರುಗಿಸಿ ಹಾಕಿರೋದಾ?

---

ಮಣ್ಣಿನಮಗ_ಕೋಲಾರ

ಅಲ್ಲ ಅಕ್ಕ, ಅದು ಕೆಲಸದವನ ಕಿತಾಪತಿ. ಮಬ್ಬಾದ ಅಕ್ಷರವನ್ನ ಅಚ್ಚಿನಲ್ಲೇ ಕಡ್ಡಿಯಲ್ಲಿ ಮತ್ತೆ ಕೊರೆದಿರ್ತಾನೆ, ಅಚ್ಚಿನಲ್ಲಿ ಉಲ್ಟಾ ಬರೀಬೇಕು ಅನ್ನೋದು ಮರೆತು ನೆಟ್ಟಗೆ ಬರೆದ್ರೆ ದೀಪದ ಮೇಲೆ ಉಲ್ಟಾ ಬರತ್ತೆ. ಓದೋಕೆ ಬರದೇ ಇರೋನು ಕೊರೆದಿದ್ರೂ ಆಗತ್ತೆ.

---

ನೆಟ್ಟಗೆ_ಮಾತು

ಒಂದು ತಕರಾರು. ಎಲ್ಲರೂ ಸಲೀಸಾಗಿ ಕಾಪಿ, ಡೂಪ್ಲಿಕೇಟ್ ಅಂತಿದೀರಿ, ಆದ್ರೆ ಈ ವಿಷಯ ಅಷ್ಟು ಇತ್ಯರ್ಥ ಆಗಿಲ್ಲ. ಇತಿಹಾಸಕಾರ ವಿಲಿಯಂ ಹ್ಯಾರಿಸ್ 1980ರಲ್ಲೇ ಇದೇ ಪ್ರಶ್ನೆ ಎತ್ತಿ, ಇವು ಬ್ರಾಂಚ್‌ಗಳಾಗಿರೋ ಸಾಧ್ಯತೆ ಇದೆ ಅಂತ ವಾದ ಮಾಡಿದಾರೆ. ರೋಮನ್ನರ ಕಾಲದಲ್ಲಿ ಯಜಮಾನ ತನ್ನ ಗುಲಾಮನನ್ನೋ, ಬಿಡುಗಡೆ ಮಾಡಿದ ಗುಲಾಮನನ್ನೋ ಬೇರೆ ಊರಿಗೆ ಕಳಿಸಿ ತನ್ನ ಪರವಾಗಿ ವ್ಯಾಪಾರ ಮಾಡಿಸೋದು ಮಾಮೂಲಿ ಪದ್ಧತಿ, ಅದಕ್ಕೆ ಕಾನೂನಿನಲ್ಲೂ ಅವಕಾಶ ಇತ್ತು. ಅಂಥವನು ಊರಿಂದ ನಾಲ್ಕು ದೀಪ ತಗೊಂಡು ಹೋಗಿ ಅಲ್ಲೇ ಅಚ್ಚು ತೆಗೆದಿದ್ರೆ ದೀಪ ಚಿಕ್ಕದಾಗೇ ಇರತ್ತೆ, ಅಕ್ಷರ ಮಬ್ಬಾಗೇ ಇರತ್ತೆ, ಮಣ್ಣೂ ಆ ಊರಿಂದೇ ಇರತ್ತೆ, ಆದ್ರೆ ಡೂಪ್ಲಿಕೇಟ್ ಅಲ್ಲ. ಚಿಕ್ಕದಾಗಿದೆ ಅನ್ನೋದ್ರಿಂದ ಕಳ್ಳತನ ಸಾಬೀತಾಗಲ್ಲ ಅನ್ನೋದಷ್ಟೇ ನನ್ನ ಪಾಯಿಂಟು.

ಇನ್ನು ಕಳ್ಳತನ ಅನ್ನೋಕೆ ಆಗ ಈಗಿನ ಥರ ಟ್ರೇಡ್‌ಮಾರ್ಕ್ ಕಾನೂನೇ ಇರಲಿಲ್ಲ, ಫೋರ್ಟಿಸ್ ಯಾರ ಮೇಲೆ ಕೇಸ್ ಹಾಕ್ತಾನೆ?

---

ಧಾರವಾಡ_ಪುರಾತತ್ವ

ನೆಟ್ಟಗೆ ಅವರು ಹೇಳಿದ್ದು ಖರೆ ಐತಿ, ಹ್ಯಾರಿಸ್ ವಾದ ತಳ್ಳಿ ಹಾಕಂಗಿಲ್ಲ. ಸುರುವಿನ ಒಂದೆರಡು ತಲಿಮಾರಿಗೆ ಬ್ರಾಂಚ್ ಅಂದ್ರ ನಾನೂ ಒಪ್ತೀನಿ. ಆದ್ರ ನೂರು ನೂರೈವತ್ತು ವರ್ಷ ಆದಮ್ಯಾಲೂ ಗಡಿ ಊರುಗಳಾಗ ಅದೇ ಹೆಸರು ಬರ್ತಾನ ಐತಿ, ಒಂದು ಮನಿತನ ಅಷ್ಟು ಕಾಲ ಅಷ್ಟು ಊರಿನ ಲೆಕ್ಕ ಇಟ್ಟಿತ್ತು ಅಂದ್ರ ನನಗ ನಂಬಿಕಿ ಬರಂಗಿಲ್ಲ. ಬಾಳ ಅಂದ್ರ ಹೆಸರು ಒಂದು ವಿನ್ಯಾಸದ ಭಾಗ ಆಗಿಬಿಟ್ಟಿತ್ತು, ಗಿರಾಕಿ ತಳ ತಿರುಗಿಸಿ ನೋಡ್ತಿದ್ದ, ಆ ಹೆಸರಿದ್ರ ಕೊಳ್ತಿದ್ದ. ಕೆಲವು ಊರಾಗ ಸ್ಥಳೀಯ ಕುಂಬಾರರು ಧೈರ್ಯ ಮಾಡಿ ತಮ್ಮದ ಹೆಸರು ಹಾಕ್ಯಾರ, ಡ್ಯಾನ್ಯೂಬ್ ಕಡೆ ವಿಂಡೆಕ್ಸ್ ಅಂತ ಒಬ್ಬ ಇದ್ದ. ಅಂದ್ರ ಹೆಸರು ಬದಲಾಯಿಸ್ಲಿಕ್ಕೆ ಬರ್ತಿತ್ತು, ಆದ್ರೂ ಬಾಳ ಮಂದಿ ಬದಲಾಯಿಸಲಿಲ್ಲ. ಅದಕ್ಕ ನನ್ನ ಓಟು ಕಾಪಿಗೇ.

ಅಂದಂಗ ಈ ದೀಪ ಹೆಚ್ಚು ಸಿಗೋದು ಎಲ್ಲಿ ಅಂದ್ರ ಸೈನ್ಯದ ಠಾಣೆಗಳಾಗ. ಸ್ವಿಟ್ಜರ್ಲೆಂಡಿನ ವಿಂಡೊನಿಸ್ಸಾ ಅಂತ ಒಂದು ಲೀಜನ್, ಅಂದ್ರ ರೋಮನ್ ಸೈನ್ಯದ ದೊಡ್ಡ ದಳದ, ಶಿಬಿರ, ಅಲ್ಲಿನ ದೀಪಗಳ ಮ್ಯಾಲೆ 1919ರಾಗ ಲೋಶ್ಕೆ ಅನ್ನೋ ಜರ್ಮನ್ ವಿದ್ವಾಂಸ ಮಾಡಿದ ವರ್ಗೀಕರಣನ ಇವತ್ತಿಗೂ ಎಲ್ಲಾರೂ ಬಳಸ್ತಾರ. ನಿಮ್ಮ ಫೋರ್ಟಿಸ್ ದೀಪದ ಎಂಟ್ರಿಯಾಗ ಲೋಶ್ಕೆ 9 ಇಲ್ಲಾ 10 ಅಂತ ಇದ್ರ ಅದು ಅವನ ನಂಬರು. 9ರಾಗ ನಡುವಿನ ತಟ್ಟಿ ಸುತ್ತ ಉಂಗುರ ಪೂರ್ತಿ ಮುಚ್ಚಿರ್ತದ, 10ರಾಗ ಅದು ತೆರೆದು ಕಾಲುವಿ ಮೂತಿ ತನಕ ಹರೀತದ. 10 ಸ್ವಲ್ಪ ಈಚಿಂದು.

---

ಎಣ್ಣೆಬತ್ತಿ

ಉರಿಸೋ ವಿಷಯ ಯಾರೂ ಮಾತಾಡ್ಲಿಲ್ಲ, ಸವಿ ಅವರ ಅತ್ತೆಯ ಪ್ರಶ್ನೆ ಹಾಗೇ ಉಳೀತು. ಅಮ್ಮಾ, ಅದನ್ನ ಒಳಗೆ ತೊಳೆಯೋಕೆ ಆಗಲ್ಲ. ನಮ್ಮ ಹಣತೆನೂ ನಾವು ತೊಳೆದು ಎಷ್ಟು ದಿನ ಬಳಸ್ತೀವಿ ಹೇಳಿ, ಎಣ್ಣೆ ಕುಡಿದು ಜಿಡ್ಡು ಹಿಡಿದ ಮೇಲೆ ಬಿಸಾಕ್ತೀವಿ. ಇದೂ ಅಗ್ಗದ ಮಾಲೇ.

ಮುಚ್ಚಿರೋದಕ್ಕೆ ಲಾಭ ಇದೆ. ಕೈಯಲ್ಲಿ ಹಿಡ್ಕೊಂಡು ಓಡಾಡಿದ್ರೂ ಎಣ್ಣೆ ಚೆಲ್ಲಲ್ಲ. ಧೂಳು ಹುಳ ಬೀಳಲ್ಲ. ಇಲಿ ಕಾಟನೂ ಕಮ್ಮಿ. ರೋಮನ್ನರ ಕಂಚಿನ ದೀಪಗಳಲ್ಲಿ ಕೆಲವಕ್ಕೆ ಮೂತಿ ಹತ್ರ ಒಂದು ಪುಟ್ಟ ಇಲಿಯನ್ನೇ ಮಾಡಿ ಕೂರಿಸಿದಾರೆ, ಬತ್ತಿ ಕಡೆ ಮೂಗು ಚಾಚ್ಕೊಂಡು, ಅಂದ್ರೆ ಎಲ್ಲರ ಮನೆಯಲ್ಲೂ ಅದೇ ಗೋಳು ಇತ್ತು. ದೇವರ ಮನೆ ಬತ್ತಿಯನ್ನ ಇಲಿ ಎಳ್ಕೊಂಡು ಹೋಗೋದು ನೋಡಿದೋರಿಗೆ ಇದು ಬೇಗ ಅರ್ಥ ಆಗತ್ತೆ.

ಆ ಸೂಜಿ ತೂತು ಗಾಳಿಗೆ ಅಂತ ಕೆಲವರು ಹೇಳ್ತಾರೆ, ಸುರಿದ ಎಣ್ಣೆ ವಾಪಸ್ ಒಳಗಿಳಿಯೋಕೆ ಅಂತ ಕೆಲವರು, ಕಡ್ಡಿ ಹಾಕಿ ಬತ್ತಿ ಮುಂದಕ್ಕೆ ತಳ್ಳೋಕೆ ಅಂತ ಕೆಲವರು. ಮೂರಕ್ಕೂ ಆಗತ್ತೆ ಬಿಡಿ.

ಎಣ್ಣೆ ಆಲಿವ್. ಇಟಲಿ ಗ್ರೀಸ್ ಕಡೆ ಅದಕ್ಕೆ ಬರ ಇಲ್ಲ. ಈಜಿಪ್ಟ್‌ನಲ್ಲಿ ಬೇರೆ, ಅಲ್ಲಿನ ಜೌಗು ಸೀಮೆ ಜನ ಹರಳೆಣ್ಣೆ ಸುಡ್ತಾರೆ, ದೀಪಕ್ಕೆ ಚೆನ್ನಾಗಿದೆ ಆದ್ರೆ ಕೆಟ್ಟ ವಾಸನೆ ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕ್ರಿ.ಪೂ. 5ನೇ ಶತಮಾನದಲ್ಲೇ ಬರೆದಿದಾನೆ. ನಮ್ಮಜ್ಜಿ ಮನೆಯಲ್ಲಿ ಹರಳೆಣ್ಣೆ ಕಾಯಿಸುವಾಗ ಬೀದಿಗೆಲ್ಲಾ ಗೊತ್ತಾಗ್ತಿತ್ತು, ಅವನು ಸುಳ್ಳು ಹೇಳಿಲ್ಲ. ಅದೇ ಹೆರೊಡೋಟಸ್ ಈಜಿಪ್ಟಿನ ಸಾಯಿಸ್ ಊರಿನ ದೀಪದ ಹಬ್ಬದ ಬಗ್ಗೆನೂ ಹೇಳ್ತಾನೆ, ಮನೆ ಸುತ್ತ ತಟ್ಟೆ ದೀಪ ಇಟ್ಟು ರಾತ್ರಿಯಿಡೀ ಉರಿಸ್ತಾರೆ, ತಟ್ಟೆಯಲ್ಲಿ ಉಪ್ಪು ಎಣ್ಣೆ ಎರಡೂ ಹಾಕಿ ಮೇಲೆ ಬತ್ತಿ ತೇಲಿಸ್ತಾರೆ, ಹಬ್ಬಕ್ಕೆ ಹೋಗೋಕೆ ಆಗದೇ ಇರೋರೂ ತಮ್ಮ ತಮ್ಮ ಊರಲ್ಲೇ ಹಚ್ತಾರೆ ಅಂತ.

ಬತ್ತಿ ನಮ್ಮ ಥರ ಹತ್ತಿದಲ್ಲ ಹೆಚ್ಚಾಗಿ, ಅಗಸೆ ನಾರಿಂದು. ಇನ್ನು ಎಣ್ಣೆ ಉಳಿಸೋ ಐಡಿಯಾ ಅಂದ್ರೆ ಯಹೂದಿಗಳದ್ದು. ಕ್ರಿ.ಶ. 200ರ ಹೊತ್ತಿಗೆ ಒಟ್ಟುಗೂಡಿಸಿದ ಅವರ ಮಿಶ್ನಾ ಅನ್ನೋ ಕಟ್ಟಳೆ ಸಂಗ್ರಹದಲ್ಲಿ ಸಬ್ಬತ್, ಅಂದ್ರೆ ವಾರದ ವಿಶ್ರಾಂತಿ ದಿನದ, ದೀಪಕ್ಕೆ ಯಾವ ಎಣ್ಣೆ ಯಾವ ಬತ್ತಿ ಆಗತ್ತೆ ಅಂತಾನೇ ಒಂದು ಅಧ್ಯಾಯ ಇದೆ. ಮೊಟ್ಟೆ ಚಿಪ್ಪಿಗೆ ತೂತು ಮಾಡಿ ಎಣ್ಣೆ ತುಂಬಿ ದೀಪದ ಬಾಯಿ ಮೇಲೆ ಇಟ್ಟು ತೊಟ್ಟು ತೊಟ್ಟಾಗಿ ಇಳಿಯೋ ಹಾಗೆ ಮಾಡಬಾರದು ಅಂತ ಅದರಲ್ಲಿದೆ. ಮಾಡಬಾರದು ಅಂತ ಬರೆದಿದಾರೆ ಅಂದ್ರೆ ಜನ ಮಾಡ್ತಿದ್ರು ಅಂತ ಅರ್ಥ ಅಲ್ವಾ 🙂 ಡ್ರಿಪ್ ಇರಿಗೇಶನ್ನೇ ಅದು.

ಆದ್ರೆ ಇಂಗ್ಲೆಂಡ್ ಜರ್ಮನಿಯಲ್ಲಿ ಆಲಿವ್ ಬೆಳೆಯಲ್ಲ. ಸ್ಪೇನಿನಿಂದ ದೊಡ್ಡ ಗುಂಡು ಜಾಡಿಗಳಲ್ಲಿ ಬರಬೇಕು, ಒಂದು ಜಾಡಿಗೆ ಸುಮಾರು 70 ಲೀಟರ್. ರೋಮ್ ಊರಲ್ಲಿ ಖಾಲಿ ಆದ ಅಂಥ ಜಾಡಿಗಳನ್ನ ಒಡೆದು ಹಾಕಿ ಹಾಕಿ ಮೊಂಟೆ ಟೆಸ್ಟಾಚಿಯೊ ಅಂತ ಒಂದು ಗುಡ್ಡನೇ ಆಗಿದೆ, ಈಗಲೂ ಇದೆ, ಸುಮಾರು 35 ಮೀಟರ್ ಎತ್ತರ. ಬ್ರಿಟನ್ ಕಡೆ ಎಣ್ಣೆ ದುಬಾರಿ ಆಗಿದ್ದಕ್ಕೆ ಬರ್ತಾ ಬರ್ತಾ ಇಂಥ ದೀಪ ಅಪರೂಪ ಆಗಿ ಜನ ಕೊಬ್ಬಿನ ಮೇಣದಬತ್ತಿಗೆ ಹೋದ್ರು.

---

ಬಿಟಿಎಂ_ಬಾಂಧವ

ನಮ್ಮ ಕಡೆ ಬಂದಿರಲಿಲ್ವಾ ಇವು? ಯಶವಂತಪುರದಲ್ಲಿ ರೋಮನ್ ಕಾಸು ಸಿಕ್ಕಿತ್ತು ಅಂತ ಎಲ್ಲೋ ಓದಿದ್ದೆ.

---

ಧಾರವಾಡ_ಪುರಾತತ್ವ

ಕಾಸು ಬಂದೈತಿ. ಯಶವಂತಪುರದಾಗ 1891ರಾಗ ರೈಲ್ವೆ ಕೆಲಸಕ್ಕ ನೆಲ ಅಗಿಯುವಾಗ ರೋಮನ್ ಚಕ್ರವರ್ತಿ ಅಗಸ್ಟಸ್, ಟೈಬೀರಿಯಸ್ ಕಾಲದ ಡಿನಾರಿಯಸ್ ಅನ್ನೋ ಬೆಳ್ಳಿ ನಾಣ್ಯಗಳ ಗಂಟು ಸಿಕ್ತು. ಚಿತ್ರದುರ್ಗದ ಚಂದ್ರವಳ್ಳಿಯಾಗೂ ಸಿಕ್ಕಾವ, ಅಲ್ಲಿ 1947ರಾಗ ಬ್ರಿಟಿಷ್ ಪುರಾತತ್ವಜ್ಞ ವೀಲರ್ ಅಗೆತ ಮಾಡಿಸಿದ್ರು. ಅವರ 1945ರಾಗ ಪುದುಚೇರಿ ಹತ್ರ ಅರಿಕಮೇಡು ಅಗೆದಾಗ ಇಟಲಿಯ ಕೆಂಪು ಪಾತ್ರಿ, ವೈನ್ ಜಾಡಿ ಎಲ್ಲಾ ಸಿಕ್ತು. ಆದ್ರ ದೀಪದ ವ್ಯಾಪಾರ ಇಲ್ಲಿ ತನಕ ಬರೋ ಜರೂರತ್ತು ಏನೈತಿ? ಹಡಗಿನಾಗ ಜಾಗ ಇದ್ದದ್ದು ವೈನಿಗೆ, ಬೆಳ್ಳಿ ಬಂಗಾರಕ್ಕ, ವಾಪಸ್ ಹೋಗುವಾಗ ಮೆಣಸಿಗೆ. ಹಣತಿ ನಮ್ಮ ಕುಂಬಾರರ ಹತ್ರ ಬೇಕಾದಷ್ಟು ಇದ್ವು.

---

ಆ್ಯಂಟಿಕ್_ಆಸೆ

ಸರ್, ಒಂದು ಪ್ರಶ್ನೆ. ಆನ್‌ಲೈನ್ ಹರಾಜಲ್ಲಿ ಇದೇ ಥರ ರೋಮನ್ ದೀಪ ಹತ್ತು ಸಾವಿರ ರೂಪಾಯಿಗೆಲ್ಲಾ ಸಿಗ್ತಿದೆ, ಫೋರ್ಟಿಸ್ ಅಂತ ಹೆಸರೂ ಇದೆ, ಸರ್ಟಿಫಿಕೇಟ್ ಕೊಡ್ತಾರಂತೆ. ಮನೆ ಶೋಕೇಸಿಗೆ ಒಂದು ತಗೊಳ್ಳೋಣ ಅಂತ. ತಗೋಬಹುದಾ?

---

ನೆಟ್ಟಗೆ_ಮಾತು

ತಗೋಬೇಡಿ. ಮಾರೋನೇ ಬರೆದುಕೊಟ್ಟ ಸರ್ಟಿಫಿಕೇಟಿಗೆ ಏನು ಬೆಲೆ? ಕೇಳಬೇಕಾದ್ದು ಇದು ಯಾವ ದೇಶದ ನೆಲದಿಂದ ಯಾವಾಗ ಹೊರಗೆ ಬಂತು, 1970ಕ್ಕೆ ಮುಂಚೆ ಯಾರ ಹತ್ರ ಇತ್ತು ಅನ್ನೋ ಕಾಗದ. ಪುರಾತನ ವಸ್ತುಗಳ ಕಳ್ಳಸಾಗಣೆ ತಡೆಯೋ ಆ ವರ್ಷದ ಯುನೆಸ್ಕೊ ಒಪ್ಪಂದ ಆದ ಮೇಲೆ ಒಳ್ಳೆ ಮ್ಯೂಸಿಯಂಗಳು ಆ ಗೆರೆ ಇಟ್ಕೊಂಡಿವೆ. ಕಾಗದ ಇಲ್ಲ ಅಂದ್ರೆ ಎರಡೇ ದಾರಿ, ಒಂದು ಅದನ್ನ ಯಾವುದೋ ಸಮಾಧಿಯಿಂದ ಕದ್ದು ಅಗೆದಿದಾರೆ, ಇಲ್ಲ ಅದು ಹೋದ ವರ್ಷ ಮಾಡಿದ್ದು. ಸಮಾಧಿ ಅಗೆದವರಿಗೆ ದೀಪ ಮಾತ್ರ ಬೇಕು, ಅದರ ಪಕ್ಕದಲ್ಲಿದ್ದ ಮೂಳೆ, ಮಡಕೆ, ಕಾಸು ಎಲ್ಲಾ ಕಲಸಿ ಬಿಟ್ಟು ಹೋಗ್ತಾರೆ, ಆ ದೀಪ ಯಾವ ಕಾಲದ್ದು ಅಂತ ಹೇಳೋ ಸಾಕ್ಷಿನೇ ಅದು.

ನಕಲಿ ಮಾಡೋಕೆ ಮೇಲೆ ಕೋಲಾರದವರು ಹೇಳಿದ ವಿದ್ಯೆನೇ ಸಾಕು, ಅಸಲಿ ದೀಪದ ಮೇಲೆ ಅಚ್ಚು ತೆಗೆಯೋದು. ಇಟಲಿ ನೋಡೋಕೆ ಬರ್ತಿದ್ದ ಶ್ರೀಮಂತ ಪ್ರವಾಸಿಗಳಿಗೆ ಇಂಥ ನಕಲಿ ಮಾರೋ ದಂಧೆ ಹಳೇದು, ಕೆಲವು ದೊಡ್ಡ ದೊಡ್ಡ ಸಂಗ್ರಹಗಳ ಒಳಗೂ ಸೇರ್ಕೊಂಡಿವೆ. ಥರ್ಮೋಲ್ಯುಮಿನೆಸೆನ್ಸ್ ಟೆಸ್ಟ್ ಮಾಡಿಸಿದ್ರೆ ಮಣ್ಣು ಕೊನೇ ಸಲ ಯಾವಾಗ ಸುಟ್ಟಿದ್ದು ಅಂತ ಹೆಚ್ಚುಕಮ್ಮಿ ಗೊತ್ತಾಗತ್ತೆ, ಆದ್ರೆ ಆ ಖರ್ಚೇ ನಿಮ್ಮ ದೀಪಕ್ಕಿಂತ ಜಾಸ್ತಿ.

---

ಮಣ್ಣಿನಮಗ_ಕೋಲಾರ

ಶೋಕೇಸಿಗೆ ಬೇಕು ಅಂದ್ರೆ ನಾನೇ ಮಾಡ್ಕೊಡ್ತೀನಿ ಅಣ್ಣ, ಇನ್ನೂರು ರೂಪಾಯಿ ಕೊಡಿ ಸಾಕು, ತಳದಲ್ಲಿ ಕೋಲಾರ ಅಂತ ಹಾಕ್ತೀನಿ. ಮೂತಿಗೆ ಮಸಿ ಹಚ್ಚಿ ಹಳೇದು ಅಂತ ಮಾರಲ್ಲ.

---

ಸವಿ_ರೀಡಿಂಗ್

😂 ನನಗೂ ಎರಡು ಬೇಕು, ಊರಿಗೆ ಬಂದಾಗ ಇಸ್ಕೊಳ್ತೀನಿ.

ಮಸಿ ಅಂದಾಗ ನೆನಪಾಯ್ತು, ಕೆಲವು ದೀಪದ ಮೂತಿ ಕರ್ರಗಿದೆ, ಕೆಲವು ಒಂದು ಸಲನೂ ಹಚ್ಚದೇ ಇರೋ ಥರ ಕ್ಲೀನಾಗಿದೆ. ಆಮೇಲೆ ಅಳತೆ ಬರ್ಕೊಳ್ಳೋಕೆ ಶುರು ಮಾಡಿದೀನಿ, ಉದ್ದ ಹಾಕೋದಾ ಅಗಲ ಹಾಕೋದಾ ಗೊತ್ತಾಗ್ತಿಲ್ಲ, ಒಂದೊಂದು ಎಂಟ್ರಿಲಿ ಒಂದೊಂದು ಥರ.

---

ಧಾರವಾಡ_ಪುರಾತತ್ವ

ಕ್ಲೀನಾಗಿದ್ದು ಬಾಳ ಅಂದ್ರ ಸಮಾಧಿಯಾಗ ಇಟ್ಟದ್ದು ಇರ್ತದ, ಸತ್ತವರ ಜೋಡಿ ಹೊಸ ದೀಪ ಇಡ್ತಿದ್ರು, ಬಾಳ ಕಡೆ ಹಚ್ಚಿದ ಗುರುತ ಇರಂಗಿಲ್ಲ.

ಅಳತಿಗೆ ವೆಬ್‌ಸೈಟಿಗಿಂತ ಬ್ರಿಟಿಷ್ ಮ್ಯೂಸಿಯಂನ ಡೊನಾಲ್ಡ್ ಬೈಲಿ ಮಾಡಿದ ದೀಪಗಳ ಕ್ಯಾಟಲಾಗ್ ನೋಡ್ರಿ, 1975ರಿಂದ 1996ರ ತನಕ ನಾಕು ಸಂಪುಟ ಬಂದಾವ, ಎರಡನೇದು ಇಟಲಿ ದೀಪಗಳದ್ದು. ಎಂಟ್ರಿಯಾಗ ಕ್ಯೂ ಅಕ್ಷರದಿಂದ ಸುರು ಆಗೋ ನಂಬರ್ ಇದ್ರ ಅದು ಬೈಲಿ ಕೊಟ್ಟದ್ದು. ನಿಮ್ಮ ರೀಡಿಂಗ್ ಊರಿನ ಯೂನಿವರ್ಸಿಟಿ ಲೈಬ್ರರಿಯಾಗ ಕೇಳಿ ನೋಡ್ರಿ.

---

ಮಣ್ಣಿನಮಗ_ಕೋಲಾರ

ಅಕ್ಕ, ಉದ್ದ ನಂಬಬೇಡಿ. ಮೂತಿ ತುದಿ ಒಡೆದಿರತ್ತೆ, ಹಿಡಿಕೆ ಇರೋದಾದ್ರೆ ಅದನ್ನ ಆಮೇಲೆ ಕೈಯಲ್ಲಿ ಅಂಟಿಸಿರಬಹುದು, ಆಗ ಅದರ ಅಳತೆ ಅಚ್ಚಿನ ಲೆಕ್ಕಕ್ಕೆ ಬರಲ್ಲ. ತಳದಲ್ಲಿ ಹೆಸರಿನ ಸುತ್ತ ಉಂಗುರ ಇದೆಯಲ್ಲ, ಅದು ಪೂರ್ತಿ ಅಚ್ಚಿಂದಾನೇ ಬಂದಿದ್ದು, ಒಡೆಯೋದೂ ಕಮ್ಮಿ. ಫೋಟೋ ಪಕ್ಕ ಸ್ಕೇಲ್ ಇಟ್ಟಿದ್ರೆ ಆ ಉಂಗುರದ ಅಡ್ಡಳತೆ, ಹೆಸರಿನ ಮೊದಲ ಅಕ್ಷರದಿಂದ ಕೊನೇ ಅಕ್ಷರದವರೆಗಿನ ಉದ್ದ, ಈ ಎರಡನ್ನ ಮಾತ್ರ ತಗೊಳ್ಳಿ. ಪಟ್ಟಿ ಮಾಡಿ ಹಾಕಿ, ಯಾವುದು ಯಾವುದರ ಮರಿ ಅಂತ ನಾನು ಕೂತು ನೋಡ್ತೀನಿ.